ಖೋಲಿಯದೇ ತಪ್ಪು!

ಬೆಳಗ್ಗೆ ಇದ್ದ ಜಾಗದಲ್ಲೇ ಸಂಜೆಯೂ ಇದ್ದರೆ, ನಮ್ಮಕ್ಕನ ಮನೆಯ ಕುರ್ಚಿ ಪುಣ್ಯ ಮಾಡಿದೆ ಎಂದೇ ಅರ್ಥ! ಅಕ್ಕನ ಮಾವನವರಂತೂ ಒಮ್ಮೆ ಕತ್ತಲಲ್ಲಿ ಮಂಚವೆಂದು ನಂಬಿ ಜೋಳದ ಚೀಲದ ಮೇಲೆ ಬಿದ್ದರು. “ಈ ಮನ್ಯಾಗ ಮಲಗಾಕೂ ನಕಾಶಿ ಬೇಕಪಾ!” ಎಂದು ಸೊಂಟ ಹಿಡಿದುಕೊಂಡೇ ಹೇಳಿದರು.

ದಿನಾ ಸಾಮಾನು ಸರಿಸುವ ಇಂಥವಳು ಬನಹಟ್ಟಿಯ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಕೇಳಬೇಕೇ?

ಅವಳ ತರಗತಿಯಲ್ಲಿ ಒಬ್ಬ ಹುಡುಗಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ಹೆಸರು ಕರೆದರೆ ಕೈ ಎತ್ತುವಳು, ಅಷ್ಟೆ. ಅವಳ ತಾಯಿ ಬಂದು, “ಹಿಂಗ ಮೂಕಬಸಪ್ಪ ಆಗಿ ಕುಂತರ ಸಾಲಿ ಬಿಡಸ್ತೀನ್ರಿ. ಮನ್ಯಾಗ ನೂಲಿನ ಕಂಡಿಕಿ ಆದ್ರೂ ಸುತ್ತಲಿ” ಎಂದು ಹೇಳಿಹೋದಳು. ಅಕ್ಕನಿಗೆ ಊಟ ಸೇರಲಿಲ್ಲ.

“ತಪ್ಪು ಹುಡಿಗಿದಲ್ಲ, ಖೋಲಿದು!” ಎಂದು ತರಗತಿಯ ಕೋಣೆಯನ್ನೊಮ್ಮೆ ನೋಡಿ ತೀರ್ಪು ಕೊಟ್ಟಳು.

ಕೊನೆಯ ಬೆಂಚೇ ಇರಬಾರದೆಂದು ಬೆಂಚುಗಳನ್ನೆಲ್ಲ ದುಂಡಗೆ ಜೋಡಿಸಿ, ನಡುವೆ ನಿಂತು ಸುತ್ತುತ್ತ ಪಾಠ ಮಾಡಿದಳು. “ಅಕ್ಕೋರ, ನಿಮ್ಮನ್ನ ನೋಡಿ ನನಗ ಚಕ್ಕರ ಬರಾಕತ್ತೇತ್ರಿ” ಎಂದು ಒಬ್ಬ ಹುಡುಗ ಅತ್ತ. ಹೆಡ್‌ಮಾಸ್ತರರು ಬಂದು, “ಇದೇನ್ ಸಾಲಿನೋ, ಎತ್ತು ಸುತ್ತಿಸಿ ಹಂತಿ ಹೊಡಿಯೂ ಕಣಾನೋ?” ಎಂದರು.

ಮರುವಾರ ಬೆಂಚುಗಳೆಲ್ಲ ಹೊರಗೆ! ಕಪ್ಪುಹಲಗೆ ನೆಲದ ಹತ್ತಿರ ಇಳಿಯಿತು, ಅಕ್ಕ ಮಕ್ಕಳ ನಡುವೆ ಚಕ್ಕಂಬಕ್ಕಳ ಹಾಕಿ ಕೂತಳು. ಹೆಡ್‌ಮಾಸ್ತರರು ಬಾಗಿಲಲ್ಲಿ ಇಣುಕಿ, “ಅಕ್ಕೋರು ಎಲ್ಲಿ ಹ್ವಾದ್ರಲೇ?” ಎಂದು ಗದರಿದಾಗ, ಮಕ್ಕಳ ಮಧ್ಯದಿಂದ ಅಕ್ಕನ ಕೈ ಮೇಲೆದ್ದಿತು. “ಹಾಜರ್ ಅದೀನ್ರೀ ಸರ್!” ಆ ಹುಡುಗಿಯೂ ನಕ್ಕಳಂತೆ. ಆದರೆ ಸದ್ದಿಲ್ಲದೆ.

ತಾಯಿಯ ಕೈಕಾಲು ಹಿಡಿದಾದರೂ ಶಾಲೆ ಬಿಡಿಸದಂತೆ ಒಪ್ಪಿಸೋಣವೆಂದು ಅಕ್ಕ ಅವರ ಮನೆಗೇ ಹೋದಳು. ಒಳಗೆ ಪವರ್‌ಲೂಮ್‌ಗಳ ಆರ್ಭಟ. ಅದರ ನಡುವೆ ಆ ಹುಡುಗಿ, ಅದೇ ಹುಡುಗಿ, ಗಂಟಲು ಹರಿಯುವಂತೆ ಕೂಗುತ್ತಿದ್ದಳು: “ಯವ್ವಾ, ಎಳಿ ಹರದೈತಿ ನೋಡಬೇ!”

ಮರುದಿನ ಅಕ್ಕ ತರಗತಿಯ ಕಪಾಟು ಸರಿಸಿ, ಶಾಲೆಯ ಪಕ್ಕದ ಪವರ್‌ಲೂಮ್ ಶೆಡ್ಡಿನ ಕಡೆಗೆ ಮೊಳೆ ಹೊಡೆದು ಮುಚ್ಚಿದ್ದ ಕಿಟಕಿಗಳನ್ನೆಲ್ಲ ತೆರೆಸಿದಳು. ಖಟಾಖಟ್ ಖಟಾಖಟ್! ಹೆಡ್‌ಮಾಸ್ತರರು ಓಡಿ ಬಂದರು.

“ಹುಚ್ಚ ಗಿಚ್ಚ ಹಿಡದೈತೇನ್ರಿ? ಮಂದಿ ಸಪ್ಪಳ ಬರಬಾರದಂತ ಕಿಡಕಿ ಹಾಕ್ತಾರ!”

“ಏನ್ರೀ ಸರ್? ಕೇಳಸವಲ್ದು!”

ಆ ವಾರ ಬುತ್ತಿ ಕೊಡಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಮಗ್ಗಗಳ ಸದ್ದಿಗೆ ಸಮನಾಗಿ ಮಕ್ಕಳೆಲ್ಲ ಮಗ್ಗಿ ಕೂಗುತ್ತಿದ್ದರು. ಯಾರು ಏನು ಹೇಳುತ್ತಿದ್ದಾರೋ ದೇವರಿಗೇ ಗೊತ್ತು! ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ನಿಂತವು. ಮಕ್ಕಳೂ ಬೆಚ್ಚಿ ಸುಮ್ಮನಾದರು.

ಒಂದು ದನಿ ಮಾತ್ರ ನಿಲ್ಲಲಿಲ್ಲ. ಹುಡುಗಿ ಕಣ್ಣು ಮುಚ್ಚಿಕೊಂಡು ಕೂಗುತ್ತಲೇ ಇದ್ದಳು.

“ಏಳೇಳ್ಲೆ ನಲವತ್ತೊಂಬತ್ತು! ಏಳೆಂಟ್ಲೆ...”

ಕಣ್ಣು ಬಿಟ್ಟಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅಯ್ಯೋ, ಮತ್ತೆ ಮುಚ್ಚಿಕೊಂಡಿತಲ್ಲ ಆ ಬಾಯಿ! ಅಕ್ಕ ಅವಳೆದುರು ಮಂಡಿಯೂರಿ ಕೂತಳು. ಕಾದಳು. ಅಕ್ಕನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಹುಡುಗಿ ಅದನ್ನೇ ನೋಡಿದಳು. ಆಮೇಲೆ, ಸಮಾಧಾನ ಮಾಡುವವಳ ಹಾಗೆ, ಮೆಲ್ಲಗೆ ಹೇಳಿದಳು:

“ಐವತ್ತಾರ್ರಿ, ಅಕ್ಕೋರ.”