ಚಕ್ರವರ್ತಿಯ ನಿಲುವು

"ಈ ಸಲದ ಕೋಳಿ ಪ್ರದರ್ಶನದಲ್ಲಿ ಮೊದಲ ಬಹುಮಾನ ನನಗೆ ಬರದಿದ್ರೆ ನಾನು ಕತ್ತರಿ ಕೆಳಗಿಟ್ಟುಬಿಡ್ತೀನಿ, ನೋಡ್ತಿರು!"

ಟೈಲರ್ ಮಹಾಶಯರು ಹೀಗೆ ಗುಡುಗಿದಾಗ, ಅಂಗಿಗೆ ಗುಂಡಿ ಹಾಕುತ್ತಿದ್ದ ಅವರ ಹೆಂಡತಿ ತಲೆಯೆತ್ತಲೂ ಇಲ್ಲ.

"ಕತ್ತರಿ ಬೆಳಗ್ಗೆಯಿಂದ ಕೆಳಗೇ ಬಿದ್ದಿದೆ. ನಿಮ್ಮ ಕೈಯಲ್ಲಿರೋದು ಕೋಳಿ," ಎಂದರು.

ಮಾತು ಸುಳ್ಳಲ್ಲ. ಉಳಿದವರು ಮೊಟ್ಟೆಗೆಂದು ಕೋಳಿ ಸಾಕುತ್ತಾರೆ, ಇಲ್ಲವೇ ಸಾರಿಗೆಂದು ಸಾಕುತ್ತಾರೆ. ನಮ್ಮ ಟೈಲರ್ ಮಹಾಶಯರು ಸಾಕುತ್ತಿದ್ದುದು ತಳಿಯ ಉದ್ಧಾರಕ್ಕೆಂದು! ಅವರ ಅಜ್ಜನ ಕಾಲದಲ್ಲಿ ಮನೆಮನೆಯಲ್ಲೂ ಇದ್ದ ತಾಮ್ರದ ಕೊರಳಿನ ಕಪ್ಪು ಕೋಳಿ ಈಗ ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ಸಿಕ್ಕರೂ ಬಣ್ಣ ಇದ್ದದ್ದಕ್ಕೆ ಗಾತ್ರವಿಲ್ಲ, ಗಾತ್ರ ಇದ್ದದ್ದಕ್ಕೆ ಬಣ್ಣವಿಲ್ಲ. ಹಾಗಾಗಿ ಮೈಕೈ ತುಂಬಿದ ಹೇಂಟೆಗೆ ಬಣ್ಣದ ಹುಂಜ, ಅವುಗಳ ಮರಿಗಳಲ್ಲಿ ಚೆಲುವಾದದ್ದಕ್ಕೆ ಇನ್ನೊಂದು ಮನೆಯ ಚೆಲುವೆ, ಹೀಗೆ ವರ್ಷಗಟ್ಟಲೆ ಸಂಬಂಧ ಕುದುರಿಸುತ್ತಲೇ ಬಂದಿದ್ದರು. ಸ್ವಂತ ತಂಗಿಗೆ ಗಂಡು ನೋಡುವಾಗಲೂ ಅವರು ಇಷ್ಟು ಅಳೆದು ತೂಗಿರಲಿಲ್ಲ. ಅಂಗಡಿಯ ಟೇಪಿನಿಂದಲೇ ಕೋಳಿಗಳ ಎದೆಯಳತೆ. ಕೊರಳ ಬಣ್ಣಕ್ಕೆ ದಾರದ ರೀಲುಗಳನ್ನು ಪಕ್ಕಕ್ಕೆ ಹಿಡಿದು ಪರೀಕ್ಷೆ. ತಾಮ್ರದ ಬಣ್ಣದ ದಾರ ಬೇಕೆಂದು ಕೇಳಿದ ಗಿರಾಕಿಗೆ, "ಅದು ಕೋಳಿಯದು, ಕೊಡೋಕಾಗಲ್ಲ," ಎಂದು ಹೇಳಿ ಕಳಿಸಿದ ಮಹಾನುಭಾವರು!

ಈ ತಪಸ್ಸಿನ ಫಲವೇ ಚಕ್ರವರ್ತಿ ಎಂಬ ಹುಂಜ. ಆಹಾ, ಏನು ಗಾತ್ರ! ಏನು ಬಣ್ಣ! ಆದರೆ ಒಂದೇ ಒಂದು ಕೊರತೆ. ಪ್ರದರ್ಶನದ ಹುಂಜ ಎದೆ ಉಬ್ಬಿಸಿ, ಕೊರಳು ನಿಮಿರಿಸಿ, ಬಾಲ ಎತ್ತಿ ನಿಲ್ಲಬೇಕು. ನಮ್ಮ ಚಕ್ರವರ್ತಿ ಸಂಬಳ ಬಾರದ ಗುಮಾಸ್ತನ ಹಾಗೆ ಹೆಗಲು ಇಳಿಬಿಟ್ಟು ನಿಲ್ಲುತ್ತಿತ್ತು. ಕೊರಳು ಎತ್ತಲೆಂದು ಕಡ್ಡಿಯಿಂದ ಗಂಟಲು ಮುಟ್ಟಿದರು. ಕಾಳನ್ನು ಎತ್ತರದಲ್ಲಿ ಹಿಡಿದು ಆಸೆ ತೋರಿಸಿದರು. ಅದು ಒಂದು ಕಣ್ಣಿನಿಂದ ಕಾಳನ್ನು ನೋಡಿ, ಅಷ್ಟು ಕಷ್ಟಪಡುವ ಅಗತ್ಯವಿಲ್ಲವೆಂದು ಕೂತುಬಿಟ್ಟಿತು.

ಜನರ ಗದ್ದಲ ರೂಢಿಯಾಗಲೆಂದು ಅದನ್ನು ಮರಿಯಾಗಿದ್ದಾಗಿನಿಂದ ಅಂಗಡಿಯಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಬೆಳೆಸಿದ್ದರು. ಒಂದು ಮಧ್ಯಾಹ್ನ ಅದು ಮೇಜು ಹತ್ತಿ, ಇಸ್ತ್ರಿಯಾಗಿ ಹೊರಡಲು ಸಿದ್ಧವಿದ್ದ ವಕೀಲರೊಬ್ಬರ ಕೋಟಿನ ಕಾಲರಿನ ಮೇಲೆ ತನ್ನ ಕೆಲಸ ಮುಗಿಸಿತು.

"ರೀ!" ಹೆಂಡತಿಯ ಕೂಗಿಗೆ ಕಿಟಕಿಯ ಗಾಜು ಅದುರಿತು. "ಕಣ್ಣು ಎಲ್ಲಿಟ್ಟಿದ್ರಿ? ಈ ಕೋಟು ಹೊಲಿಯೋದ್ರಲ್ಲಿ ನನ್ನ ಬೆನ್ನು ಮುರಿದುಹೋಗಿದೆ! ಮನೇಲಿ ಮನುಷ್ಯರಿಗಿಂತ ಕೋಳಿ ಹೆಚ್ಚಾಯ್ತಾ?"

ಟೈಲರ್ ಮಹಾಶಯರು ನಿಂತಲ್ಲೇ ಸೆಟೆದುಕೊಂಡರು. ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿತು. ಹೊರಳಿದ್ದು ಅಲ್ಲೇ ಸಿಕ್ಕಿಕೊಂಡಿತು. ಚಕ್ರವರ್ತಿ ಎದೆ ಉಬ್ಬಿಸಿತ್ತು! ಕೊರಳು ನಿಮಿರಿತ್ತು! ಬಾಲ ಮುಗಿಲಿಗೆ!

"ಬಯ್ಯಿ, ಬಯ್ಯಿ, ನಿಲ್ಲಿಸ್ಬೇಡ!" ಎನ್ನುತ್ತಾ ಅವರು ಟೇಪು ಹುಡುಕಿದರು.

"ಏನಂದ್ರಿ?"

"ಏನಿಲ್ಲ ಕಣೇ, ತಪ್ಪಾಯ್ತು ಅಂದೆ."

ಗುಟ್ಟು ಸಿಕ್ಕಿತು! ಹೇಳಿದರೆ ಹೆಂಡತಿ ನಕ್ಕುಬಿಟ್ಟಾಳು, ನಕ್ಕರೆ ಬೈಗುಳದ ಖಾರ ಹೋದೀತು ಎಂದು ಅವರು ಬಾಯಿ ಬಿಡಲಿಲ್ಲ. ಅಂದಿನಿಂದ ತಾಲೀಮು ಶುರುವಾಯಿತು. ಒದ್ದೆ ಟವೆಲ್ ಹಾಸಿಗೆಯ ಮೇಲೆ. ನಲ್ಲಿ ತೆರೆದೇ ಇದೆ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ಇರುವೆಗಳಿಗೆ ಆಹ್ವಾನ. ಪ್ರತಿ ಅಪರಾಧದ ಸ್ಥಳದಲ್ಲೂ ಕಾಲ ಪಕ್ಕದಲ್ಲಿ ಚಕ್ರವರ್ತಿ! ಬೈಗುಳ ಬಿದ್ದಷ್ಟೂ ಹುಂಜದ ನಿಲುವು ಸುಧಾರಿಸಿತು.

ಆದರೆ ಹೆಂಡತಿಗೆ ಬೇರೆಯೇ ಚಿಂತೆ ಹತ್ತಿತು. ಇಷ್ಟು ವರ್ಷ ಒಪ್ಪವಾಗಿದ್ದ ಮನುಷ್ಯ ಹೀಗೇಕಾದರು? ಪ್ರದರ್ಶನದ ಚಿಂತೆಯೇ ತಲೆಗೇರಿರಬೇಕು, ಪಾಪ! ಹೀಗಾಗಿ ಪ್ರದರ್ಶನದ ದಿನ ಬೆಳಗ್ಗೆ ಅವರು ಗಂಡನ ಕಾಲರ್ ಸರಿಮಾಡುತ್ತಾ ಹೇಳಿದರು: "ಇವತ್ತು ನಿಮ್ಮ ದಿನ. ನನ್ನ ಬಾಯಿಂದ ಒಂದು ಬಿರುಸು ಮಾತು ಬರಲ್ಲ."

ಟೈಲರ್ ಮಹಾಶಯರು ಹೌಹಾರಿ ಚಕ್ರವರ್ತಿಯ ಕಡೆ ನೋಡಿದರು.

ಪ್ರದರ್ಶನದ ಸಭಾಂಗಣದಲ್ಲಿ ಸಾಲಾಗಿ ಪಂಜರಗಳು. ಪಕ್ಕದ ಪಂಜರದಲ್ಲಿ ಬೇಕರಿಯವನ ಹುಂಜ ಕವಾಯತಿಗೆ ಬಂದಂತೆ ನಿಂತಿದೆ. ಚಕ್ರವರ್ತಿ ಮಾತ್ರ ಮುದುಡಿ ಕೂತಿದೆ. ತೀರ್ಪುಗಾರರು ಒಂದೊಂದೇ ಪಂಜರ ದಾಟಿ ಹತ್ತಿರ ಬರುತ್ತಿದ್ದಾರೆ!

ಮಹಾಶಯರು ಬೇಕೆಂದೇ ಹೆಂಡತಿಯ ಬಟ್ಟೆಯ ಮೇಲೆ ಚಹಾ ಚೆಲ್ಲಿದರು.

"ಹೋಗ್ಲಿ ಬಿಡಿ, ಒಗೆದ್ರೆ ಹೋಗುತ್ತೆ."

"ಮನೆಗೆ ಬೀಗ ಹಾಕೋದೇ ಮರೆತುಬಿಟ್ಟೆ ಕಣೇ!"

"ನಾನು ಹಾಕಿದೀನಿ."

ಕಡೆಯ ಅಸ್ತ್ರ. "ನಿನ್ನ ತಮ್ಮನಂಥ ಸೋಮಾರಿಯನ್ನ ನಾನು ಎಲ್ಲೂ ನೋಡಿಲ್ಲ!"

"ನಾನೂ ನೋಡಿಲ್ಲ," ಎಂದು ಹೆಂಡತಿ ನಕ್ಕರು.

"ದಮ್ಮಯ್ಯ ಅಂತೀನಿ, ಒಂದೇ ಒಂದ್ಸಲ ಬಯ್ಯೇ!"

ಹೆಂಡತಿ ಗಾಬರಿಯಿಂದ ಅವರ ಹಣೆ ಮುಟ್ಟಿ ಜ್ವರ ನೋಡಿದರು. ಅಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು. ಚಕ್ರವರ್ತಿಯನ್ನು ಎತ್ತಿ ತೂಗಿದರು, ರೆಕ್ಕೆ ಬಿಡಿಸಿ ನೋಡಿದರು, ಮತ್ತೆ ಪಂಜರದಲ್ಲಿ ಬಿಟ್ಟರು. ಅದು ಹಾಗೇ ಕುಸಿಯಿತು.

"ಗಾತ್ರ ಇದೆ, ಬಣ್ಣವೂ ಇದೆ. ನಿಲುವು ಎಲ್ರೀ? ಇದು ನಿಂತಿದೆಯೋ, ಮಲಗಿದೆಯೋ? ತಳಿ ಬೆಳೆಸೋದು ಎಲ್ಲರ ಕೈಲೂ ಆಗೋ ಕೆಲಸ ಅಲ್ಲ. ನೀವು ಬಟ್ಟೆ ಹೊಲ್ಕೊಂಡಿರೋದೇ ವಾಸಿ."

ಟೈಲರ್ ಮಹಾಶಯರ ಅಷ್ಟು ವರ್ಷಗಳ ಆಸೆ ಒಂದೇ ಮಾತಿಗೆ ಮಣ್ಣುಪಾಲಾಗಿತ್ತು. ಅಳು ಬಂದಂತಾಗಿ ಅವರು ತಲೆ ತಗ್ಗಿಸಿದರು.

"ಏನಂದ್ರಿ ಸ್ವಾಮಿ?"

ಹೆಂಡತಿಯ ದನಿ ಮೆಲ್ಲಗೇ ಹೊರಟಿತ್ತು. ಮುಂದಿನದು ಮೆಲ್ಲಗಿರಲಿಲ್ಲ.

"ಮರಿಗೆ ಶೀತ ಆಯ್ತು ಅಂತ ಕೆಲಸ ಬಿಟ್ಟು ಅಂಗಿಯೊಳಗೆ ಇಟ್ಕೊಂಡು ಓಡಾಡಿದೋರು ಇವರು! ಸೊಟ್ಟ ಕಾಲಿನ ಮರಿಗೆ ಬಟ್ಟೆ ಚೂರಲ್ಲಿ ಪಟ್ಟಿ ಹೊಲಿದು, ನೆಟ್ಟಗೆ ನಡೆಯೋ ಹಾಗೆ ಮಾಡಿದೋರು ಇವರು! ಇವರಿಗೆ ತಳಿ ಬೆಳೆಸೋಕೆ ಬರಲ್ವಾ? ನಾನು ಇವರನ್ನ ಬಯ್ತೀನಿ, ದಿನಾ ಬಯ್ತೀನಿ, ಅದು ನನ್ನ ಹಕ್ಕು! ನೀವ್ಯಾರ್ರೀ ಬಯ್ಯೋಕೆ?"

ತೀರ್ಪುಗಾರರು ಒಂದು ಹೆಜ್ಜೆ ಹಿಂದೆ ಸರಿದರು, ಪಂಜರದ ಕಡೆ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಚಕ್ರವರ್ತಿ ಎದ್ದು ನಿಂತಿತ್ತು. ಬೇಕರಿಯವನ ಹುಂಜ ಅದರ ಮುಂದೆ ಮರಿಯಂತೆ ಕಂಡಿತು.

"ಅಬ್ಬಾ!" ತೀರ್ಪುಗಾರರಿಗೆ ಬಯ್ಯಿಸಿಕೊಂಡದ್ದೂ ಮರೆತುಹೋಯಿತು. "ನನ್ನ ಮಾತು ವಾಪಸ್ ತಗೊಂಡೆ. ಇಂಥ ನಿಲುವು ನಾನು ನೋಡೇ ಇಲ್ಲ! ಇದು ತಂದೆ ಕಡೆಯಿಂದ ಬಂದದ್ದೋ, ತಾಯಿ ಕಡೆಯಿಂದಲೋ?"

ಈ ಪ್ರಶ್ನೆಗಾಗಿಯೇ ಟೈಲರ್ ಮಹಾಶಯರು ವರ್ಷಗಟ್ಟಲೆ ಕಾದಿದ್ದರು. ಗಂಟಲು ಸರಿಮಾಡಿಕೊಂಡರು. "ಅದೇನಂದ್ರೆ ಸ್ವಾಮಿ, ಇದರ ತಾಯಿಯ ಅಜ್ಜಿ ಇದ್ಲಲ್ಲ…"

"ಸುಮ್ನಿರ್ರೀ!" ಹೆಂಡತಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಕೋಳಿ ವಂಶದಿಂದ ಬಂದದ್ದಲ್ಲ ಸ್ವಾಮಿ. ಇದು ಇವರ ಕಾಲ ಹತ್ತಿರವೇ ಬೆಳೆದಿದೆ, ಇವರನ್ನ ನೋಡೇ ಕಲಿತಿದೆ. ನಾನು ಬಾಯಿ ತೆಗೆದ್ರೆ ಇವರು ನಿಲ್ಲೋದು ಹೀಗೇ!"

ತೀರ್ಪುಗಾರರು ತಿರುಗಿ ನೋಡಿದರು. ಎದೆ ಉಬ್ಬಿಸಿ, ಕೊರಳು ನಿಮಿರಿಸಿ, ರೆಪ್ಪೆ ಮಿಟುಕಿಸದೆ ಟೈಲರ್ ಮಹಾಶಯರು ನಿಂತಿದ್ದರು. ಮೊದಲ ಬಹುಮಾನದ ರಿಬ್ಬನ್ ಹಿಡಿದಿದ್ದ ತೀರ್ಪುಗಾರರು ಒಮ್ಮೆ ಅವರನ್ನೂ ಒಮ್ಮೆ ಹುಂಜವನ್ನೂ ನೋಡಿ, ಅದನ್ನು ಯಾರ ಕೊರಳಿಗೆ ಕಟ್ಟಬೇಕೆಂದು ಒಂದು ಗಳಿಗೆ ನಿಜವಾಗಿಯೂ ಯೋಚಿಸಿದರು.