ಷಡ್ಡಕರ ಪಂಪು

ಎಲ್ಲ ಶುರುವಾದದ್ದು ಎರಡು ವೈರಿನಿಂದ. ಜಾಮ್ ಕಾರ್ಖಾನೆಯ ಪಂಪಿನ ಮೋಟರಿಗೆ ಎಲೆಕ್ಟ್ರಿಷಿಯನ್ ಎರಡು ವೈರುಗಳನ್ನು ಅದಲುಬದಲಾಗಿ ಜೋಡಿಸಿಬಿಟ್ಟಿದ್ದ. ಬೆಳಿಗ್ಗೆ ಪಂಪು ಉಲ್ಟಾ ತಿರುಗಿ, ಬಾಟಲಿ ತುಂಬುವ ಟ್ಯಾಂಕಿನಲ್ಲಿದ್ದ ಜಾಮನ್ನೂ ಬೇಯಿಸುವ ಹಂಡೆಗೇ ವಾಪಸು ತಂದು ಸುರಿಯತೊಡಗಿತು. ಬೈಗುಳ ಬಿದ್ದದ್ದು ಮಾತ್ರ ಫಿಟ್ಟರಿಗೆ. ಪಾಪ, ಅವನ ಹಣೆಬರಹವೇ ಅಂಥದ್ದು.

ಎಲೆಕ್ಟ್ರಿಷಿಯನ್ನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಆತ ಇವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಎರವಲು ಒಯ್ದ ಏಣಿಯನ್ನು ಆತ ವಾಪಸು ಕೊಡಲಿಲ್ಲವೆಂದು ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು.

ಮ್ಯಾನೇಜರು ಪಂಪಿನ ಮುಚ್ಚಳ ತೆಗೆಸಿ ಇಣುಕಿದರು. "ಏನಯ್ಯಾ ಇದು, ಎರಡು ಚಕ್ರಾನೂ ಒಂದಕ್ಕೊಂದು ತಾಕ್ತಾನೇ ಇಲ್ಲ!"

"ತಾಕಬಾರದು ಸಾರ್," ಎಂದ ಫಿಟ್ಟರು. "ಒಂದು ಆ ಕಡೆ, ಒಂದು ಈ ಕಡೆ ತಿರುಗುತ್ತೆ. ಜಾಮು ಚಕ್ರದ ಎಸಳುಗಳ ಸಂದೀಲಿ ಕೂತು, ಗೋಡೆ ಪಕ್ಕದಿಂದ ಸುತ್ತಿ ಆಚೆ ಹೋಗುತ್ತೆ. ಅದಕ್ಕೇ ಹಣ್ಣು ಜಜ್ಜಲ್ಲ. ಉಲ್ಟಾ ತಿರುಗಿದ್ರೆ ಉಲ್ಟಾ ತಳ್ಳುತ್ತೆ. ಇದಕ್ಕೆ ಹಿಂದು ಮುಂದು ಅಂತಿಲ್ಲ."

"ಥೇಟ್ ಷಡ್ಡಕರ ಥರಾನೇ. ಒಂದೇ ಮನೆ ಅಳಿಯಂದಿರಾದ್ರೂ ತಾಕಲ್ಲ," ಎಂದಳು ಬಾಟಲಿ ತೊಳೆಯುವಾಕೆ.

"ಮಧ್ಯಾಹ್ನ ಮಾಲೀಕರು ಬರ್ತಾರೆ. ಅಷ್ಟರಲ್ಲಿ ಸರಿಹೋಗ್ಲಿಲ್ವೋ, ನಾಳೆಯಿಂದ ನೀನು ಬರೋದೇ ಬೇಡ," ಎಂದು ಮ್ಯಾನೇಜರು ಗುಡುಗಿದರು.

ಮನೆಯಲ್ಲಿ ದುಡಿಯುವವನು ಫಿಟ್ಟರೊಬ್ಬನೇ. ಮೋಟರಿನ ಬಳಿ ತಾನೇ ಎರಡು ವೈರು ಬದಲಿಸಿದ. ಅತ್ತ ಸುದ್ದಿ ಕೇಳಿದ ಷಡ್ಡಕ, ಇವನಿಗೆ ತಿಳಿಸದೆ, ಮಹಡಿಯ ಮೇಲಿನ ಸ್ವಿಚ್ ಬೋರ್ಡಿನಲ್ಲಿ ಎರಡು ವೈರು ಬದಲಿಸಿದ. ಪಂಪು ಮತ್ತೆ ಉಲ್ಟಾ! ಇವನು ಮತ್ತೆ ಬದಲಿಸಿದ, ಅವನೂ ಬದಲಿಸಿದ. ಹಂಡೆ ಬಾಯಿಮಟ್ಟ ತುಂಬಿತು.

ಕೊನೆಗೆ ಫಿಟ್ಟರು ಮಾನ ಮರ್ಯಾದೆ ಬದಿಗಿಟ್ಟು ಮೆಟ್ಟಿಲು ಹತ್ತಿದ.

"ಅಣ್ಣಾ, ವೈರು ನೀವೂ ಬದಲಾಯಿಸಿದ್ರಾ?"

"ಹ್ಞೂಂ ಕಣೋ, ಎರಡು ಸಲ. ನಿನ್ನ ಕೆಲಸ ಹೋಗುತ್ತೆ ಅಂದ್ರು, ಸುಮ್ನಿರೋಕೆ ಆಗ್ಲಿಲ್ಲ."

ಫಿಟ್ಟರಿಗೆ ಅಳು ಬಂತು. "ಈಗ ನೀವೊಬ್ಬರೇ ಬದಲಾಯಿಸಿ. ನಾನು ಮುಟ್ಟಲ್ಲ."

"ಆಗ್ಲಿ. ಏಣೀನೂ ತಗೊಂಡು ಹೋಗು ಮಾರಾಯಾ."

ಷಡ್ಡಕ ವೈರು ಬದಲಿಸಿದ ಮೇಲೆ ಇಬ್ಬರೂ ಹೆಗಲ ಮೇಲೆ ಕೈಹಾಕಿಕೊಂಡು ಇಳಿದರು. ಮಾಲೀಕರು ಬಂದಿದ್ದರು. ಫಿಟ್ಟರು ಧೈರ್ಯವಾಗಿ ಸ್ವಿಚ್ ಒತ್ತಿದ. ಪಂಪು ಸರಿಯಾಗಿಯೇ ತಿರುಗಿತು. ಆದರೆ ತುಂಬಿದ್ದ ಹಂಡೆ ಉಕ್ಕಿ, ಮಾಲೀಕರ ಹೊಸ ಬೂಟು ಜಾಮಿನಲ್ಲಿ ಮುಳುಗಿತು.

ಮ್ಯಾನೇಜರು ತಲೆ ಚಚ್ಚಿಕೊಂಡರು. "ಅಯ್ಯೋ, ಹಿಂದು ಮುಂದು ಇಲ್ಲ ಅಂತ ನೀನೇ ಹೇಳಿದ್ದಲ್ಲಯ್ಯಾ! ಉಲ್ಟಾನೇ ತಿರುಗ್ಲಿ, ಜಾಮು ಮಾತ್ರ ಟ್ಯಾಂಕಿಗೇ ಹೋಗ್ಲಿ ಅಂತ ಈಗಷ್ಟೇ ಪಂಪಿನ ಎರಡೂ ಕಡೆ ಪೈಪುಗಳನ್ನ ಅದಲುಬದಲು ಮಾಡಿಸಿದ್ದೆ!"

"ವೈರು ಮುಟ್ಟಿದ್ದು ಯಾರು?" ಎಂದರು ಮಾಲೀಕರು.

"ನಾನು," ಎಂದ ಫಿಟ್ಟರು.

"ನಾನೂ," ಎಂದ ಷಡ್ಡಕ.

ಸಂಜೆಯೊಳಗೆ ಏಣಿ ಮನೆ ಸೇರಿತು. ಹೊತ್ತು ತರಲು ಇಬ್ಬರಿಗೂ ಬೇಕಾದಷ್ಟು ಬಿಡುವಿತ್ತು.