ಯಂತ್ರದ ಹಣೆಗೆ ವಿಭೂತಿ

ಸರ್ಕಾರದ ಸಬ್ಸಿಡಿ ಪಡೆಯುವುದು ಕಷ್ಟ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಅರ್ಜಿ ಹಾಕಬೇಕು, ಸುಮ್ಮನೆ ಕೂರಬೇಕು. ಇಷ್ಟೇ! ನಾನೂ ಹಾಕಿದೆ, ಕೂತೆ. ಕಳೆ ತೆಗೆಯುವ ಯಂತ್ರ ಮಂಜೂರಾಯಿತು. ಅರ್ಧ ದುಡ್ಡು ನನ್ನದು, ಅರ್ಧ ಸರ್ಕಾರದ್ದು.

ಕುರುಗೋಡಿನ ನಮ್ಮ ಮೆಣಸಿನಕಾಯಿ ಹೊಲದಲ್ಲಿ ಬಗ್ಗಿ ಬಗ್ಗಿ ಕಳೆ ಕಿತ್ತು ನನ್ನ ಹೆಂಡತಿ ಗೌರಮ್ಮನ ಸೊಂಟ ಹಿಡಿದುಹೋಗಿತ್ತು. "ಈ ಸಲಾನೂ ಯಂತ್ರ ಬರಲಿಲ್ಲಂದ್ರ ನಮ್ಮಣ್ಣನ್ನ ಕೇಳ್ತೀನಿ" ಎಂದಿದ್ದಳು. ಅವಳ ಅಣ್ಣ ಇರುವುದು ಸಿರುಗುಪ್ಪದಲ್ಲಿ. ಅವನ ಹತ್ತಿರ ಎಲ್ಲ ಯಂತ್ರಗಳೂ ಇವೆ, ಅವನ್ನು ಹೊಗಳಿಕೊಳ್ಳುವ ಬಾಯಿಯೂ ಇದೆ. ಅವನ ಯಂತ್ರ ನನ್ನ ಹೊಲಕ್ಕೆ ಕಾಲಿಡುವುದೇ? ನಾನು ಬದುಕಿರುವಾಗಲೇ?

ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಯವನು ಯಂತ್ರ ಕೊಡುವಾಗ ಹೇಳಿದ: "ಕೃಷಿ ಇಲಾಖೆ ಸಾಹೇಬ್ರು ಬಂದು ಫೋಟೊ ತಗೀತಾರ. ಅದ್ರಾಗ ನಂಬರ್ ಕಾಣಬೇಕು. ಕಾಣಲಿಲ್ಲಂದ್ರ ಸಬ್ಸಿಡಿ ಇಲ್ಲ, ಯಂತ್ರ ವಾಪಸ್ ತರಬೇಕಾಗ್ತೈತಿ. ನಂಬರ್ ಎರಡು ಕಡಿ..."

"ನಂಗ ಗೊತ್ತೈತಿ ಬಿಡ್ರಿ! ನಾ ಪಿಯುಸಿ ಪಾಸಾಗೀನಿ!" ಎಂದು ಅವನ ಬಾಯಿ ಮುಚ್ಚಿಸಿ ಬಂದೆ.

ಮನೆಗೆ ಬಂದ ಹೊಸ ಯಂತ್ರಕ್ಕೆ ಪೂಜೆ ಆಗದಿದ್ದರೆ ಹೇಗೆ? ಗೌರಮ್ಮ ಒಂದು ಕುಂಕುಮದ ಬೊಟ್ಟಿಟ್ಟು ಮುಗಿಸುವವಳಿದ್ದಳು. ನಾನು ಬಿಡಲಿಲ್ಲ. ವಿಭೂತಿ ಹಚ್ಚಲು ಯಂತ್ರಕ್ಕೆ ಹಣೆ ಬೇಕಲ್ಲ? ಹುಡುಕಿದೆ. ಮುಂದುಗಡೆ ಅಗಲವಾದ, ಕರ್ರಗೆ ಹೊಳೆಯುವ, ಏನೋ ಅಂಕಿ ಬರೆದ ಒಂದು ಪಟ್ಟಿ ಅಂಟಿಸಿದ್ದರು. ಅಷ್ಟು ಒಳ್ಳೆಯ ಹಣೆ ನನಗೂ ಇಲ್ಲ! ಮೂರು ಬೆರಳಿನಿಂದ ದಪ್ಪಗೆ ಎಳೆದೆ. ನಡುವೆ ಅರಿಶಿನ, ಕುಂಕುಮ. ಮೇಲೊಂದಿಷ್ಟು ಕಾಯಿನೀರು.

ಮರುದಿನ ಸಾಹೇಬರು ಬಂದು ಯಂತ್ರಕ್ಕೆ ಸುತ್ತು ಹಾಕಿದರು. "ನಂಬರ್ ಎಲ್ಲೈತ್ರಿ?"

"ಹಣಿ ಮ್ಯಾಲೈತ್ರಿ" ಎಂದೆ.

ನೀರಿನಿಂದ ಒರೆಸಿದೆ. ಬಣ್ಣ ಕದಲಲಿಲ್ಲ. ಹುಣಸೆಹಣ್ಣಿನಿಂದ ತಿಕ್ಕಿದೆ. "ರೀ, ಸಾಕು ಬಿಡ್ರಿ, ಅದೇನು ತಾಮ್ರದ ತಂಬಿಗಿ ಅಲ್ಲ" ಎಂದಳು ಗೌರಮ್ಮ. ಕೇಳುವ ಗಂಡಸೇ ನಾನು? ಬೂದಿ ಮತ್ತು ತೆಂಗಿನ ನಾರು ಹಿಡಿದು ಕೂತೆ. ಅರಿಶಿನ ಹೋಯಿತು. ಕುಂಕುಮ ಹೋಯಿತು. ನಂಬರೂ ಹೋಯಿತು!

"ಇನ್ನ ನನ್ ಕೈಯಾಗ ಏನೂ ಇಲ್ಲರಿ" ಎಂದು ಸಾಹೇಬರು ಬೈಕ್ ಹತ್ತಿದರು. ಗೌರಮ್ಮ ಅಣ್ಣನಿಗೆ ಫೋನ್ ಮಾಡಲು ಹೊರಟಳು.

"ಫೋನ್ ಇಡು! ಬಳ್ಳಾರಿಗೇ ಹೋಗಿ ಸಬ್ಸಿಡಿ ತಗೊಂಡು ಬರ್ತೀನಿ!"

ಗೂಡ್ಸ್ ಆಟೋದಲ್ಲಿ ಯಂತ್ರ ಹೇರಿಕೊಂಡು ಹೊರಟೆ. "ಒಬ್ರ ಹೋದ್ರ ಇನ್ನೊಂದು ಕೆಡಸ್ತೀರಿ" ಎಂದು ಗೌರಮ್ಮನೂ ಹತ್ತಿದಳು. ಸಾಹೇಬರ ಕಚೇರಿಯ ಅಂಗಳದಲ್ಲಿ ಯಂತ್ರ ಇಳಿಸಿ ಗುಡುಗಿದೆ: "ಹೊರಗ ಬರ್ರಿ! ಇದು ಯಂತ್ರ ಹೌದೋ ಅಲ್ಲೋ, ನಡಸೇ ತೋರಸ್ತೀನಿ!"

ಹಗ್ಗ ಎಳೆದೆ. ಯಂತ್ರ ಹೊರಟೇಬಿಟ್ಟಿತು. ಅದನ್ನು ನಿಲ್ಲಿಸುವುದು ಹೇಗೆಂದು ನಾನು ಇನ್ನೂ ಕಲಿತಿರಲಿಲ್ಲ! ಎದುರಿಗೆ ಕಚೇರಿಯವರು ಸಾಲಾಗಿ ಬೆಳೆಸಿದ್ದ ಚೆಂಡುಹೂವಿನ ಗಿಡಗಳು. ಯಂತ್ರ ಬಹಳ ಶ್ರದ್ಧೆಯಿಂದ ಕೆಲಸ ಮಾಡಿತು.

"ಕೈ ಬಿಡ್ರೀ!" ಎಂದು ಗೌರಮ್ಮ ಕೂಗಿದಳು.

"ಬಿಡಂಗಿಲ್ಲ! ಸಬ್ಸಿಡಿ ಕೊಡೂತನಾ ಬಿಡಂಗಿಲ್ಲ!"

ಕೊನೆಗೆ ನಲ್ಲಿಕಟ್ಟೆಗೆ ಗುದ್ದಿ ಯಂತ್ರ ಮಗುಚಿ ಬಿತ್ತು. ನಾನೂ ಬಿದ್ದೆ. ಸಾಹೇಬರು ಓಡಿ ಬಂದು, ನನ್ನನ್ನು ದಾಟಿ, ಯಂತ್ರದ ಹೊಟ್ಟೆಯ ಹತ್ತಿರ ಬಗ್ಗಿದರು. ಅಲ್ಲಿ ಕಬ್ಬಿಣದಲ್ಲೇ ಕೊರೆದ ನಂಬರ್! ಅಂಗಡಿಯವನು ಹೇಳಲು ಹೊರಟಿದ್ದ ಎರಡನೆಯ ಕಡೆ ಅದೇ ಇರಬೇಕು.

ಸಾಹೇಬರು ಫೋಟೊ ತೆಗೆದರು. "ಸಬ್ಸಿಡಿ ಆಗ್ತೈತಿ. ಮೊದ್ಲ ಈ ಗಿಡ ಎಲ್ಲಾ ತಿರುಗಿ ಹಚ್ರಿ."

ಸಂಜೆಯವರೆಗೆ ಬಗ್ಗಿ ಬಗ್ಗಿ ಚೆಂಡುಹೂ ನೆಟ್ಟೆ. ಸರ್ಕಾರದ ದಾಖಲೆಯ ಫೋಟೊದಲ್ಲಿ ಈಗ ಯಂತ್ರ ಅಂಗಾತ, ಫಲಾನುಭವಿ ಬೋರಲು.

ಇವತ್ತು ಗೌರಮ್ಮ ನೆಟ್ಟಗೆ ನಿಂತು ಹೊಲದಲ್ಲಿ ಯಂತ್ರ ನಡೆಸುತ್ತಿದ್ದಾಳೆ. "ಮುಂದಿನ ಪೂಜಿ ನಾ ಮಾಡ್ತೀನಿ. ನೀವು ದೂರ ನಿಂತು ಕೈ ಮುಗೀರಿ" ಎಂದು ಅಪ್ಪಣೆಯಾಗಿದೆ. ಆದರೆ ನಾನು ಸೋತೆನೆಂದು ಯಾರೂ ತಿಳಿಯಬೇಡಿ! ಆ ಪಟ್ಟಿ ಯಂತ್ರದ ಹಣೆಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ಹಣೆಯಲ್ಲಿ ಬರೆದದ್ದನ್ನೂ ಉಜ್ಜಿ ಅಳಿಸಿದ ಗಂಡಸು ನಾನು.

ಸದ್ಯಕ್ಕೆ ಮಂಚದಿಂದ ಏಳಲು ಯಾರಾದರೂ ಕೈ ಕೊಡಬೇಕು. ಸೊಂಟ ಹಿಡಿದುಕೊಂಡಿದೆ.